ತಂಬೂರಿ ಮಾತ್ರ ನುಡಿಯುವಾಗ ಯಂತ್ರ ಬರೆದ ಸಾಲು

ಪ್ರಶ್ನೆ: ನಮ್ಮ ದೊಡ್ಡಪ್ಪನವರು ನೀಲಗಾರರು. ಅವರು ಹಾಡುವ ಮಂಟೇಸ್ವಾಮಿ ಕಥೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಕೃತಕ ಬುದ್ಧಿಮತ್ತೆಯಿಂದ ಅದನ್ನು ಬರಹಕ್ಕಿಳಿಸಿ, ಬಿಟ್ಟುಹೋದ ಭಾಗಗಳನ್ನು ಅವರದೇ ದನಿಯಲ್ಲಿ ತುಂಬಿಸಿ ಅಂತರ್ಜಾಲದಲ್ಲಿ ಹಾಕಬಹುದೇ?
– ಕೊಳ್ಳೇಗಾಲ ತಾಲ್ಲೂಕಿನ ಓದುಗರು

ಉತ್ತರ: ಬರಹಕ್ಕಿಳಿಸುವುದಕ್ಕೆ ಅವಶ್ಯವಾಗಿ ಬಳಸಿಕೊಳ್ಳಿ; ತುಂಬಿಸುವುದಕ್ಕೆ ದಯವಿಟ್ಟು ಬೇಡ.

ಈಚೆಗೆ ಇಂಥದೇ ಒಂದು ಧ್ವನಿಮುದ್ರಣದಿಂದ ಯಂತ್ರ ಬರೆದ ಕರಡನ್ನು ನಾನು ತಿದ್ದಬೇಕಾಗಿ ಬಂತು. ಹಾಡುಗಾರರು ಉಸಿರು ತೆಗೆದುಕೊಂಡು ಸುಮ್ಮನಿದ್ದು, ತಂಬೂರಿ, ಗಗ್ಗರಗಳಷ್ಟೇ ನುಡಿಯುತ್ತಿದ್ದ ಕಡೆಯಲ್ಲಿ, ಯಾರೂ ಹಾಡದ ಒಂದು ಇಡೀ ಸಾಲನ್ನು ಯಂತ್ರ ಬರೆದಿತ್ತು. ‘ಹಾಡು’ ಎಂಬುದನ್ನು ‘ಆಡು’ ಎನ್ನುವ ನಿಮ್ಮ ಸೀಮೆಯ ನುಡಿಯನ್ನು ಒಂದೆಡೆ ಗ್ರಂಥಸ್ಥ ಕನ್ನಡಕ್ಕೆ ತಿದ್ದಿತ್ತು, ಇನ್ನೊಂದೆಡೆ ಮೇಕೆ ಎಂದೇ ತಿಳಿದು ಮುಂದಿನ ಪದಗಳನ್ನೂ ಕೆಡಿಸಿತ್ತು. ಆದ್ದರಿಂದ ಯಂತ್ರ ಕೊಟ್ಟದ್ದನ್ನು ಕರಡು ಎಂದೇ ಕರೆದು, ದೊಡ್ಡಪ್ಪನವರ ಎದುರು ಕುಳಿತು ಒಂದೊಂದು ಸಾಲನ್ನೂ ಓದಿ ಹೇಳಿ, ಅವರು ಒಪ್ಪಿದ್ದನ್ನು ಮಾತ್ರ ಉಳಿಸಿಕೊಳ್ಳಿ. ಕೇಳಿಸದ ಕಡೆ ‘ಕೇಳಿಸುತ್ತಿಲ್ಲ’ ಎಂದು ಬರೆಯುವುದರಲ್ಲಿ ಯಾವ ಕೊರತೆಯೂ ಇಲ್ಲ.

ಬಿಟ್ಟುಹೋದ ಭಾಗದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮಂಟೇಸ್ವಾಮಿ ಕಥೆಯ ಒಂದೊಂದು ಭಾಗಕ್ಕೂ ‘ಸಾಲು’ ಎನ್ನುತ್ತಾರೆ; ಕಲ್ಯಾಣದ ಸಾಲನ್ನೋ, ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯವರ ಸಾಲನ್ನೋ ಒಬ್ಬೊಬ್ಬ ನೀಲಗಾರರು ಒಂದೊಂದು ಬಗೆಯಾಗಿ ಹಾಡುತ್ತಾರೆ; ಅವರು ಬಿಟ್ಟದ್ದು ಮರೆವಿನಿಂದಲೋ, ಆ ಹೊತ್ತಿನಲ್ಲಿ ಅಲ್ಲಿ ಹಾಡಬಾರದೆಂಬ ಕಾರಣದಿಂದಲೋ ಎಂಬುದನ್ನು ಅವರೇ ಹೇಳಬೇಕು. ದೀಕ್ಷೆ ಪಡೆದು, ಗುರುವಿನ ಎದುರು ಕಲಿತ ಹಾಡನ್ನು, ಅವರು ಹಾಡದೆಯೇ ಅವರ ದನಿಯಲ್ಲಿ ಕೇಳಿಸಿದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ. ನಾಳೆ ಮೊಮ್ಮಕ್ಕಳು ಅದನ್ನೇ ನಿಜವೆಂದು ಕಲಿತರೆ ತಿದ್ದುವವರು ಯಾರು?

ಮುದ್ರಿಸಿಕೊಳ್ಳಲು ಅವರು ಒಪ್ಪಿದರೆಂದ ಮಾತ್ರಕ್ಕೆ ಅಂತರ್ಜಾಲಕ್ಕೆ ಹಾಕಲು, ಯಂತ್ರಕ್ಕೆ ಕಲಿಸಲು ಒಪ್ಪಿದಂತಾಗುವುದಿಲ್ಲ. ಮೂರಕ್ಕೂ ಬೇರೆ ಬೇರೆಯಾಗಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿ, ಹಿಮ್ಮೇಳದವರನ್ನೂ ಕೇಳಿ. ನ್ಯೂಜಿಲೆಂಡಿನ ಮಾವೋರಿ ಬಾನುಲಿ ಸಂಸ್ಥೆಯಾದ ತೇ ಹಿಕು ಮೀಡಿಯಾ 2018ರಲ್ಲಿ ತನ್ನ ಜನರಿಂದ ಹತ್ತೇ ದಿನಗಳಲ್ಲಿ 300 ಗಂಟೆಗೂ ಮಿಕ್ಕಿದ ಧ್ವನಿಯನ್ನು ಕೂಡಿಹಾಕಿ, ಮಾವೋರಿ ಮಾತನ್ನು ಗುರುತಿಸುವ ತಂತ್ರಾಂಶವನ್ನು ತಾನೇ ಕಟ್ಟಿತು. ಆ ಧ್ವನಿಯನ್ನು ಹೊರಗಿನ ಕಂಪನಿಗಳಿಗೆ ಬಿಟ್ಟುಕೊಡದೆ, ಸಮುದಾಯದ ಹಿತಕ್ಕೇ ಬಳಕೆಯಾಗಬೇಕೆಂಬ ಪರವಾನಗಿಯನ್ನೂ ರೂಪಿಸಿತು. ನಿಮ್ಮದು ಒಂದು ಮನೆಯ ಕೆಲಸವಾದರೂ ಉಚಿತ ಆ್ಯಪ್‌ಗೆ ಹಾಡನ್ನು ಏರಿಸುವ ಮುನ್ನ, ಆ ಧ್ವನಿಯನ್ನು ಆ್ಯಪ್ ನಡೆಸುವವರು ತಮ್ಮಲ್ಲಿ ಇಟ್ಟುಕೊಳ್ಳುತ್ತಾರೆಯೇ ಎಂದು ನಿಯಮಗಳಲ್ಲಿ ಓದಿ ನೋಡಿ. ಸಾಧ್ಯವಾದರೆ ಅಂತರ್ಜಾಲವಿಲ್ಲದೆ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ತಂತ್ರಾಂಶವನ್ನು ಬಳಸಿ.

ಮೂಲ ಧ್ವನಿಮುದ್ರಣದ ಒಂದು ಪ್ರತಿ, ಯಾರು, ಎಲ್ಲಿ, ಯಾವ ದಿನ ಹಾಡಿದರೆಂಬ ವಿವರದೊಡನೆ, ದೊಡ್ಡಪ್ಪನವರ ಮನೆಯಲ್ಲೇ ಇರಲಿ.