ಬೇಳೆ ಬಿಡಬೇಕೇ, ಬಡಿಸಬೇಕೇ? – ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಯಜಮಾನರಿಗೆ ಲಿವರ್ ಸಿರೋಸಿಸ್ (ಯಕೃತ್ತು ಗಡುಸಾಗುವ ಕಾಯಿಲೆ) ಇದೆಯೆಂದು ತಿಳಿದ ದಿನದಿಂದ ಮನೆಯ ಹಿರಿಯರು ಬೇಳೆ, ಮೊಟ್ಟೆ, ಮೊಸರು ಬಿಡಿಸಿ ತಿಳಿಗಂಜಿಗೆ ಇಳಿಸಿರುವುದನ್ನೂ, ಈಗಿನ ವೈದ್ಯರು ಅದಕ್ಕೆ ತದ್ವಿರುದ್ಧವಾಗಿ ಬೇಳೆ ಹೆಚ್ಚಿಸಿ, ಮಲಗುವ ಮುನ್ನವೂ ಏನಾದರೂ ಕೊಡಿ ಎಂದಿರುವುದನ್ನೂ ಬರೆದು, ಯಾರ ಮಾತು ನಂಬಬೇಕೆಂದು ಕೇಳಿದ್ದೀರಿ. ಜೊತೆಗೆ, ಕೆಲವು ವರ್ಷಗಳ ಹಿಂದೆ ಸಿರೋಸಿಸ್ ರೋಗಿಗೆ ಪ್ರೋಟೀನ್ ವರ್ಜ್ಯವೆಂದು ನಮ್ಮ ಪತ್ರಿಕೆಯೇ ಅಚ್ಚು ಹಾಕಿದ್ದ ಪುಟವನ್ನೂ ಲಗತ್ತಿಸಿದ್ದೀರಿ. ಆ ಸಲಹೆ ಅಚ್ಚಾಗುವ ಹೊತ್ತಿಗೇ ಹಳತಾಗಿತ್ತೆಂದು ಒಪ್ಪಿಕೊಳ್ಳಬೇಕು. ನಿಮ್ಮ ವೈದ್ಯರು ಹೇಳಿರುವುದು ಸರಿ.

ಹಿರಿಯರ ಭಯ ಬುಡವಿಲ್ಲದ್ದೇನಲ್ಲ. ಪ್ರೋಟೀನ್ ಅರಗುವಾಗ ಹುಟ್ಟುವ ಅಮೋನಿಯಾವನ್ನು ಯೂರಿಯಾ ಆಗಿಸಿ ಹೊರಗಟ್ಟುವುದು ಯಕೃತ್ತಿನ ಕೆಲಸ. ಗಡುಸಾದ ಯಕೃತ್ತಿಗೆ ಅದು ಪೂರ್ತಿ ಸಾಧ್ಯವಾಗದಿದ್ದಾಗ ಅಮೋನಿಯಾ ಮೆದುಳಿಗೇರಿ ಮಂಕು, ನಿದ್ದೆಗೇಡು, ಕೈ ಅದುರುವುದು ಶುರುವಾಗುತ್ತದೆ. ಆದ್ದರಿಂದ ಪ್ರೋಟೀನನ್ನೇ ಕಡಿತಗೊಳಿಸುವ ಪದ್ಧತಿ 1950ರ ದಶಕದಿಂದ ಬಹುಕಾಲ ನಡೆದುಬಂತು. ಆ ಲೆಕ್ಕದಲ್ಲಿ ಬಿಟ್ಟುಹೋದದ್ದು ಸ್ನಾಯು. ಯಕೃತ್ತು ಸೋತಾಗ ಅಮೋನಿಯಾವನ್ನು ಗ್ಲುಟಮಿನ್ ಎಂಬ ಅಮೈನೊ ಆಮ್ಲವಾಗಿ ಪರಿವರ್ತಿಸಿ ಹೊರೆ ಹಂಚಿಕೊಳ್ಳುವುದು ಸ್ನಾಯುವೇ. ಪ್ರೋಟೀನ್ ನಿಲ್ಲಿಸಿದರೆ ಕರಗುವುದೂ ಅದೇ.

ಇದನ್ನು 2004ರಲ್ಲಿ ಬಾರ್ಸಿಲೋನಾದ ವೈದ್ಯರು ಪರೀಕ್ಷೆಗೆ ಒಡ್ಡಿದರು. ಮಂಕು ಕವಿದು ಆಸ್ಪತ್ರೆ ಸೇರಿದ 30 ರೋಗಿಗಳಲ್ಲಿ ಒಂದು ಗುಂಪಿಗೆ ಮೊದಲು ಪ್ರೋಟೀನ್ ನಿಲ್ಲಿಸಿ ಮೆಲ್ಲಗೆ ಏರಿಸಿದರು. ಇನ್ನೊಂದಕ್ಕೆ ಮೊದಲ ದಿನದಿಂದಲೇ ಕಿಲೋ ತೂಕಕ್ಕೆ 1.2 ಗ್ರಾಂ ಕೊಟ್ಟರು. ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಡಿತದ ಗುಂಪಿನಲ್ಲಿ ದೇಹದ ಪ್ರೋಟೀನ್ ಒಡೆಯುವುದು ಮಾತ್ರ ಹೆಚ್ಚಾಯಿತು. ಚಿಕ್ಕ ಅಧ್ಯಯನವೇ, ಆದರೆ ಗಾಳಿ ತಿರುಗಿಸಿತು. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರದ್ದು: ಪರೀಕ್ಷೆಯಲ್ಲಷ್ಟೇ ಗೊತ್ತಾಗುವ ಸೂಕ್ಷ್ಮ ಮಂಕು ಇದ್ದ 120 ರೋಗಿಗಳ ಪೈಕಿ ಅರ್ಧ ಮಂದಿಗೆ ಆರು ತಿಂಗಳು ಸಸ್ಯಮೂಲದ ಪ್ರೋಟೀನ್ ಸಾಕಷ್ಟಿರುವ ಊಟ ಕೊಟ್ಟಾಗ, ಉಳಿದರ್ಧಕ್ಕಿಂತ ಅವರಲ್ಲಿ ಹೆಚ್ಚು ಜನರ ಮಂಕು ತಿಳಿಯಾಯಿತು.

ಎರಡನೆಯ ಸಂಗತಿ ಹೊತ್ತಿನದು. ನಿಮ್ಮ ಪತ್ರದ ಪ್ರಕಾರ ರಾತ್ರಿ ಏಳೂವರೆಗೆ ಊಟ, ಬೆಳಿಗ್ಗೆ ಒಂಬತ್ತೂವರೆಗೆ ತಿಂಡಿ; ನಡುವೆ ಹದಿನಾಲ್ಕು ಗಂಟೆ. ಸಿರೋಸಿಸ್ ಆದ ಯಕೃತ್ತಿನಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ದಾಸ್ತಾನು ಕಡಿಮೆ. ಹೀಗಾಗಿ ಆರೋಗ್ಯವಂತರ ದೇಹ ಎರಡು-ಮೂರು ದಿನ ಉಪವಾಸವಿದ್ದಾಗ ತಲುಪುವ ಸ್ಥಿತಿಯನ್ನು ಈ ರೋಗಿಯ ದೇಹ ಒಂದೇ ರಾತ್ರಿಯಲ್ಲಿ ತಲುಪಿ, ಸ್ನಾಯುವಿಗೇ ಕೈಹಾಕುತ್ತದೆ. ನ್ಯೂಜಿಲೆಂಡಿನಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 103 ರೋಗಿಗಳಿಗೆ ಒಂದೇ ಪೂರಕ ಆಹಾರವನ್ನು ಕೆಲವರಿಗೆ ಹಗಲಲ್ಲಿ, ಕೆಲವರಿಗೆ ರಾತ್ರಿ ಕೊಟ್ಟರು. ಸುಮಾರು ಎರಡು ಕಿಲೋ ಕೊಬ್ಬಿಲ್ಲದ ಅಂಗಾಂಶಕ್ಕೆ ಸಮನಾದ ಪ್ರೋಟೀನ್ ಸೇರಿದ್ದು ರಾತ್ರಿಯ ಗುಂಪಿಗೆ ಮಾತ್ರ. ಮಲಗುವ ಮುನ್ನ ಹಾಲಿಗೆ ಕಲಸಿದ ರಾಗಿ ಹುರಿಹಿಟ್ಟು ಸಾಕಾದೀತು; ಸಕ್ಕರೆ ಕಾಯಿಲೆಯಿದ್ದರೆ ವೈದ್ಯರನ್ನು ಕೇಳಿ ಅಳತೆ ಗೊತ್ತುಮಾಡಿಕೊಳ್ಳಿ.

ಯುರೋಪಿನ ಯಕೃತ್ ತಜ್ಞರ ಸಂಘದ 2019ರ ಮಾರ್ಗಸೂಚಿ, ಬೊಜ್ಜಿಲ್ಲದ ರೋಗಿಗೆ ದಿನಕ್ಕೆ ಕಿಲೋಗೆ ಕನಿಷ್ಠ 35 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಎನ್ನುತ್ತದೆ. 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಎಂದರೆ ತಿಳಿಗಂಜಿಯ ಬಡತನ ನಿಮಗೇ ಹೊಳೆದೀತು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಆ ನೀರಿನ ಭಾರ ಕಳೆದ ತೂಕವನ್ನೇ ಹಿಡಿಯಬೇಕು. ಆಗ ಉಪ್ಪು ಇಳಿಸಬೇಕೆಂಬುದು ನಿಜ, ಆದರೆ ಉಪ್ಪಿಲ್ಲದ್ದಕ್ಕೆ ತಟ್ಟೆಯನ್ನೇ ದೂಡುವಂತಾದರೆ ನಷ್ಟವೇ ಹೆಚ್ಚು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಿಸಿ, ಸಾರಿಗೆ ಹದವಾಗಿ ಹಾಕುವುದು ವಿವೇಕ.

ಅಂಗಡಿಯ ಕವಲು ಸರಪಳಿಯ ಅಮೈನೊ ಆಮ್ಲದ (ಬಿಸಿಎಎ) ಪುಡಿಯ ಬಗ್ಗೆಯೂ ಕೇಳಿದ್ದೀರಿ. ಮಂಕು ಇಳಿಸಲು ಅದು ನೆರವಾಗುತ್ತದೆಂದು ಅಧ್ಯಯನಗಳ ಪರಾಮರ್ಶೆಗಳು ಹೇಳುತ್ತವೆ. ಆಯಸ್ಸು ಹೆಚ್ಚುತ್ತದೆಂದು ತೋರಿಸಿಲ್ಲ. ಬೆಲೆ ನೋಡಿದರೆ, ಮೊದಲು ತೊವ್ವೆ, ಹೆಸರುಕಾಳು, ಮೊಸರು ತಟ್ಟೆಗೆ ಮರಳಲಿ ಎಂದೇ ನನ್ನ ಅಭಿಪ್ರಾಯ.

ನೀವು ಲಗತ್ತಿಸಿದ ಪುಟದ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಅದೇ ಅಂಕಣದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ