2ಎ ಸಿಕ್ಕರೆ ನೌಕರಿ ಸಿಕ್ಕಂಗಾ?

ಪ್ರಶ್ನೆ: ನಾವು ಪಂಚಮಸಾಲಿ ಲಿಂಗಾಯತರು. ಆರು ಎಕರೆ ಎರಿ ಹೊಲ, ಪೂರಾ ಮಳೆ ನಂಬಿದ ಬೇಸಾಯ. 2ಎ ಮೀಸಲಾತಿ ಕೇಳಿ 2021ರಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಹೊರಟ ಪಾದಯಾತ್ರೆಯಲ್ಲಿ ಅಪ್ಪ ನಡೆದಿದ್ದರು. ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ ಈಗ ನಮಗಿರುವುದು 3ಬಿ ಪ್ರವರ್ಗ, ಶೇ 5. 2ಎ ಆದರೆ ಶೇ 15. ಅವಕಾಶ ಮೂರು ಪಟ್ಟು ಜಾಸ್ತಿ ಆಗುತ್ತೆ ಅಲ್ವಾ ಸರ್?
– ಓದುಗ, ಹುನಗುಂದ ತಾಲೂಕು

ಉತ್ತರ: ಇಲ್ಲ, ಆಗಲ್ಲ. ಹುಡುಗರಿಗೆ ಅರ್ಜಿ ತುಂಬಿಸಿಕೊಟ್ಟೇ ತಲೆ ಬೆಳ್ಳಗಾದವನು ನಾನು, ನೇರವಾಗಿ ಹೇಳ್ತೇನೆ. 2ಎ ಒಳಗೆ ಈಗಾಗಲೇ ಕುರುಬರು, ಈಡಿಗರು, ಗಾಣಿಗರು, ಕುಂಬಾರರು, ಮಡಿವಾಳರು ಸೇರಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಯಾವುದಾದರೂ ನೇಮಕಾತಿಯ 2ಎ ಮತ್ತು 3ಬಿ ಕಟ್‌ಆಫ್ (ಕೊನೆಗೆ ಆಯ್ಕೆಯಾದವರ ಅಂಕ) ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಲಾಭ ಏನಿದ್ದರೂ ಆ ಅಂತರದಷ್ಟೇ. ನಿಮ್ಮಷ್ಟು ದೊಡ್ಡ ಸಮುದಾಯ ಒಳಗೆ ಬಂದರೆ 2ಎ ಕಟ್‌ಆಫೇ ಮೇಲೇರುತ್ತೆ. ಕುಂಬಾರರು, ಮಡಿವಾಳರು ಗಾಬರಿಯಾಗುವುದು ಅದಕ್ಕೇ. ಅವರ ಗಾಬರಿಯಲ್ಲಿ ತಪ್ಪಿಲ್ಲ.

ಹಾಗಂತ ನಿಮ್ಮಪ್ಪ ಸುಮ್ನೆ ನಡೆದರು ಅಂತ ನಾನು ಹೇಳಲ್ಲ. 3ಬಿಯಲ್ಲಿ ಮರಾಠರು, ಬಂಟರು, ಕ್ರೈಸ್ತರೂ ಇದ್ದಾರೆ. ಪೇಟೆಯಲ್ಲಿ ಓದಿದವರ ಜೊತೆ ಒಣ ಹೊಲದ ಮನೆಯ ಹುಡುಗ ಪೈಪೋಟಿ ಮಾಡಬೇಕು. ಆ ಸಂಕಟ ನಿಜ. ಆದರೆ 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ ಮಾಡಿದ್ದೇನು? ಮುಸ್ಲಿಮರ 2ಬಿಯ ಶೇ 4 ತೆಗೆದು ಒಕ್ಕಲಿಗರಿಗೆ 2, ಲಿಂಗಾಯತರಿಗೆ 2 ಹಂಚಿತು. ಒಬ್ಬರ ತಟ್ಟೆಯಿಂದ ಎತ್ತಿ ಇನ್ನೊಬ್ಬರಿಗೆ ಬಡಿಸಿದ ಹಾಗೆ. ಸುಪ್ರೀಂ ಕೋರ್ಟ್‌ಗೆ ಹೋದ ಮೇಲೆ ಅದು ಜಾರಿಯಾಗಲೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಸುವರ್ಣಸೌಧದ ಹತ್ತಿರ 2ಎ ಕೇಳಿದ ಪಂಚಮಸಾಲಿ ಹೋರಾಟಗಾರರಿಗೆ ಲಾಠಿ ಏಟು ಬಿತ್ತು.

ಯಾರೂ ಮಾತಾಡದ ಒಂದು ವಿಷಯ ಇದೆ. ಕೇಂದ್ರದ ಒಬಿಸಿ (ಇತರೆ ಹಿಂದುಳಿದ ವರ್ಗ) ಪಟ್ಟಿಯಲ್ಲಿ ಪಂಚಮಸಾಲಿ ಇಲ್ಲ. ಹಾಗಾಗಿ ರೈಲ್ವೆ, ಬ್ಯಾಂಕ್ ನೌಕರಿಗೆ ನಿಮಗಿರುವ ದಾರಿ ಇಡಬ್ಲ್ಯುಎಸ್‌, ಅಂದರೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಯ ಶೇ 10. ಅದಕ್ಕೆ ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿರಬೇಕು. ಜೊತೆಗೆ, ಐದು ಎಕರೆ ಅಥವಾ ಜಾಸ್ತಿ ಹೊಲ ಇದ್ದರೆ ಹೊರಗೆ. ಕಾಲುವೆ ನೀರಿನ ಐದು ಎಕರೆಗೂ ನಿಮ್ಮ ಎರಿ ಹೊಲಕ್ಕೂ ಒಂದೇ ಅಳತೆ! ಪಾದಯಾತ್ರೆ ಮಾಡುವಷ್ಟು ಸಿಟ್ಟು ಈ ನಿಯಮದ ಮೇಲೂ ಬರಬೇಕಿತ್ತು.

ಉತಾರ (ಪಹಣಿ) ತೆಗೆಸಿ ನೋಡಿ. ಹೊಲದ ಲೆಕ್ಕಕ್ಕೆ ಬರುವುದು ನೀವು, ತಂದೆ ತಾಯಿ, ಹೆಂಡತಿ, 18 ತುಂಬದ ತಮ್ಮ ತಂಗಿಯರು, ಮಕ್ಕಳು. ಆರರಲ್ಲಿ ಎರಡು ಎಕರೆ ದೊಡ್ಡ ಅಣ್ಣನ ಹೆಸರಲ್ಲಿದ್ದರೆ ನಾಳೆಯೇ ನಾಡಕಚೇರಿಗೆ ಅರ್ಜಿ ಹಾಕಿ.