ಶಾಲ್ಮಲೆಯ ಬೆನ್ನು ಹಿಡಿದು ಕರಾವಳಿಗೆ

ಹುಬ್ಬಳ್ಳಿಗೆ ಹೊಸದಾಗಿ ಬಂದಿದ್ದೀರಿ, ಎರಡು ದಿನ ರಜೆ ಇದೆ, ಗೋವಾ ಬೇಡ, ನಮ್ಮದೇ ಕರಾವಳಿ ನೋಡಬೇಕು, ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ ಒಂದು ಹೊಳೆಯ ಬೆನ್ನು ಹಿಡಿದು ಹೋಗ್ರಿ.

ಆ ಹೊಳೆ ಹುಟ್ಟುವುದು ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ. ಹೆಸರು ಶಾಲ್ಮಲಾ. ನಾನು ಬೆಳೆದದ್ದು ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ. ಬೇಸಿಗೆಯಲ್ಲಿ ನೋಡಿದವರು ಇದನ್ನು ನದಿ ಎಂದು ನಂಬುವುದಿಲ್ಲ. ಆದರೆ ನಮ್ಮ ಅವಳಿನಗರದ ಸೀಮೆ ಇರುವುದೇ ನೀರು ಎರಡು ದಿಕ್ಕಿಗೆ ಹರಿದುಹೋಗುವ ದಿಬ್ಬದ ಮೇಲೆ. ಪೂರ್ವಕ್ಕಿಳಿದ ಮಳೆನೀರು ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣೆ ಹಿಡಿದು ಬಂಗಾಳಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕಿಳಿದದ್ದು ಅರಬ್ಬಿ ಸಮುದ್ರಕ್ಕೆ. ಶಾಲ್ಮಲಾ ಎರಡನೆಯ ಪೈಕಿ: ಮುಂದೆ ಬೇಡ್ತಿ, ಘಟ್ಟ ಇಳಿದ ಮೇಲೆ ಗಂಗಾವಳಿ. (ಸಹಸ್ರಲಿಂಗ ಇರುವ ಶಾಲ್ಮಲಾ ಬೇರೆ, ಅದು ಶಿರಸಿ ಕಡೆಯದು. ಅದೂ ಕೊನೆಗೆ ಬೇಡ್ತಿಯನ್ನೇ ಸೇರುತ್ತದೆ.)

ಗುಡಿಗೆ ಹೋಗಿಬಂದು ಹುಬ್ಬಳ್ಳಿಯಿಂದ ಅಂಕೋಲಾ ಬಸ್ ಹತ್ತಿರಿ. ಸುಮಾರು 135 ಕಿ.ಮೀ. ಕಿಟಕಿ ಪಕ್ಕದ ಸೀಟು ಬಿಡಬೇಡಿ. ಎರೆಹೊಲ ಮುಗಿದು ಕಲಘಟಗಿಯ ಭತ್ತದ ಗದ್ದೆ, ಕಿರವತ್ತಿ ಆಸುಪಾಸು ಸಾಗವಾನಿ, ಯಲ್ಲಾಪುರ ಬರುವಷ್ಟರಲ್ಲಿ ಅಡಿಕೆ ತೋಟ. ಧಾರವಾಡಕ್ಕೆ ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ, ಕರಾವಳಿಗೆ 3000 ದಾಟುತ್ತದೆ. ಆ ವ್ಯತ್ಯಾಸವನ್ನೆಲ್ಲ ಮೂರ್ನಾಲ್ಕು ತಾಸಿನಲ್ಲಿ ಕಣ್ಣಾರೆ ನೋಡುತ್ತೀರಿ.

ಯಲ್ಲಾಪುರದಲ್ಲಿ ಇಳಿದು ಮಾಗೋಡಿಗೆ ಹೋಗಲೇಬೇಕು. ಇಲ್ಲಿ ಬೇಡ್ತಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಬೀಳುತ್ತದೆ. ನಾವು ಹೋದಾಗ ಕಣಿವೆ ತುಂಬ ಮಂಜು. ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದವರು ಬೇಸತ್ತು ಹೊರಟುಹೋದರು. ಅವ್ವ ಮಾತ್ರ ಕಂಬಿ ಹಿಡಿದು ನಿಂತೇ ಇದ್ದಳು. ಅರ್ಧ ತಾಸಿನ ಮೇಲೆ ಗಾಳಿ ಬೀಸಿ ಮಂಜು ಸರಿಯಿತು. ಮೊದಲು ಮೇಲಿನ ಬಿಳಿ ಗೆರೆ, ಆಮೇಲೆ ಕೆಳಗಿನದು ಕಂಡಿತು. "ನಮ್ಮ ಸೋಮೇಶ್ವರದ ನೀರ ಏನೋ ಇದು?" ಅಂದಳು. ನೀವೂ ಕಾಯ್ರಿ, ಅವಸರ ಮಾಡಬೇಡಿ.

ಅರಬೈಲ್ ಘಟ್ಟ ಇಳಿದರೆ ಗಾಳಿಯೇ ಬೇರೆ, ಅಂಗಿ ಮೈಗೆ ಅಂಟುತ್ತದೆ. ತೆಂಗು, ಕೆಂಪು ಚಿರೆಕಲ್ಲಿನ ಗೋಡೆ ಶುರುವಾಗುತ್ತವೆ. ಅಂಕೋಲಾ ಹತ್ತಿರದ ಮಂಜಗುಣಿಯಲ್ಲಿ ಗಂಗಾವಳಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ಹೋದರೆ ಮರಳು ದಿಬ್ಬ ತೆರೆದುಕೊಂಡಿರುತ್ತದೆ, ಭರತದ ಹೊತ್ತಿಗೆ ಸಮುದ್ರವೇ ನದಿಯೊಳಗೆ ಬರುತ್ತದೆ. ಮೀನುಗಾರರನ್ನು ಕೇಳಿದರೆ ಹೊತ್ತು ಹೇಳುತ್ತಾರೆ. ಅವ್ವ ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಮುಟ್ಟಿಸಿಕೊಂಡಳು. ಉಪ್ಪು. ಅಲ್ಲೇ ಕೂತು ಬಹಳ ಹೊತ್ತು ಮಾತಾಡಲಿಲ್ಲ.

ಒಂದು ಎಚ್ಚರಿಕೆ. ಜೂನ್‌ನಿಂದ ಆಗಸ್ಟ್‌ವರೆಗೆ ದಯವಿಟ್ಟು ಹೋಗಬೇಡಿ. 2024ರ ಜುಲೈ 16ರಂದು ಇದೇ ಗಂಗಾವಳಿ ದಂಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ಲಾರಿ ಎಲ್ಲ ನದಿಪಾಲಾದವು. ಆ ದಾರಿಯಲ್ಲಿ ಚಹಾಕ್ಕೆ ನಿಲ್ಲದವರು ಯಾರಿದ್ದಾರೆ? ಆ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಕ್ಟೋಬರ್, ನವೆಂಬರ್ ಸರಿಯಾದ ಕಾಲ: ಮಾಗೋಡಿನಲ್ಲಿ ನೀರಿರುತ್ತದೆ, ಘಟ್ಟದ ಮಣ್ಣು ಗಟ್ಟಿಯಾಗಿರುತ್ತದೆ.

ರಾತ್ರಿ ಅಂಕೋಲಾದಲ್ಲೇ ಉಳಿಯಿರಿ. ಮರುದಿನ ಸಮಯವಿದ್ದರೆ ಕುಮಟಾ ಕಡೆ ಅಘನಾಶಿನಿ ಅಳಿವೆಗೆ ಹೋಗಿ ಕಗ್ಗ ಭತ್ತದ ಗದ್ದೆ ನೋಡಿ. ಉಪ್ಪುನೀರು ತಡೆದುಕೊಂಡು ಬೆಳೆಯುವ ತಳಿ ಅದು. 2024ರಲ್ಲಿ ಆ ಅಳಿವೆಗೂ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಒಟ್ಟಿಗೇ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮನ್ನಣೆ, ಸಿಕ್ಕಿತು. ವಾಪಸ್ ಬರುವಾಗ ಕತ್ತಲಾಗುವ ಮೊದಲೇ ಘಟ್ಟ ಹತ್ತಿಬಿಡಿ.